ಕುಕ್ಕರಗಾಲಲ್ಲಿ ಕೂತರೆ ನೋವು: ಫುಟ್‌ಬಾಲ್ ಆಟಗಾರನ ಆ್ಯಂಕಲ್‌ಗೆ ಆಪರೇಷನ್ ಬೇಕಾ?

ಪ್ರಶ್ನೆ: ನನಗೆ 27 ವರ್ಷ. ಊರು ಉಳ್ಳಾಲ, ಕೆಲಸ ಬೆಂಗಳೂರಲ್ಲಿ. ಹತ್ತು ವರ್ಷದಿಂದ ಫುಟ್‌ಬಾಲ್ ಆಡುತ್ತಿದ್ದೇನೆ, ರೈಟ್ ವಿಂಗ್. ವಾರಕ್ಕೆ ಮೂರು ದಿನ ಟರ್ಫ್, ಭಾನುವಾರ ಮ್ಯಾಚ್. ನಾಲ್ಕು ವರ್ಷದ ಹಿಂದೆ ಬಲಗಾಲು ಜೋರಾಗಿ ಹೊರಳಿತ್ತು. ಆಮೇಲೂ ಎರಡು ಮೂರು ಸಲ ಹೊರಳಿದೆ. ಈಗ ಒಂದು ವರ್ಷದಿಂದ ಆ್ಯಂಕಲ್‌ನ ಮುಂದುಗಡೆ ನೋವು. ಓಡುವಾಗ, ಶಾಟ್ ಹೊಡೆಯುವಾಗ, ಕುಕ್ಕರಗಾಲಲ್ಲಿ ಕೂತಾಗ ಜಾಸ್ತಿ. ಮ್ಯಾಚ್ ಆದ ಮಾರನೇ ದಿನ ಊತ. ಎಕ್ಸ್-ರೇ ನೋಡಿ ಮೂಳೆ ಬೆಳೆದಿದೆ ಅಂದರು. ಒಬ್ಬ ಡಾಕ್ಟರು ಕೀಹೋಲ್ ಆಪರೇಷನ್ ಮಾಡಿಸಿ ಅಂದರು, ಇನ್ನೊಬ್ಬರು ಇಂಜೆಕ್ಷನ್ ಸಾಕು ಅಂದರು. ರೂಮ್‌ಮೇಟ್ ಪುತ್ತೂರು ಕಟ್ಟು ಹಾಕಿಸು ಅನ್ನುತ್ತಾನೆ. ಆಪರೇಷನ್ ಮಾಡಿಸಿದರೆ ಮೂಳೆ ಮತ್ತೆ ಬೆಳೆಯುತ್ತದಾ? ಮೂರು ತಿಂಗಳಲ್ಲಿ ಊರಲ್ಲಿ ಸೆವೆನ್ಸ್ (ಏಳೇಳು ಜನ ಆಡುವ) ಟೂರ್ನಮೆಂಟ್ ಇದೆ. ಆಡಬಹುದಾ?

ಉತ್ತರ: ಮೊದಲು ಒಂದು ಕೆಲಸ ಮಾಡಿ. ಚಪ್ಪಲಿ ಬಿಟ್ಟು ಗೋಡೆ ಎದುರು ನಿಲ್ಲಿ. ಎಡಗಾಲಿನ ಹೆಬ್ಬೆರಳು ಗೋಡೆಯಿಂದ ನಾಲ್ಕು ಬೆರಳು ದೂರ ಇರಲಿ. ಹಿಮ್ಮಡಿ ನೆಲ ಬಿಡದ ಹಾಗೆ ಮಂಡಿ ಮುಂದೆ ತಂದು ಗೋಡೆಗೆ ಮುಟ್ಟಿಸಿ. ಮುಟ್ಟಿತಾ? ಪಾದ ಇನ್ನಷ್ಟು ಹಿಂದೆ ಸರಿಸಿ ಮತ್ತೆ ಮುಟ್ಟಿಸಿ. ಹಿಮ್ಮಡಿ ಏಳುವ ತನಕ ಹೀಗೇ ಮಾಡಿ, ಕೊನೆಗೆ ಹೆಬ್ಬೆರಳಿನಿಂದ ಗೋಡೆಗೆ ಎಷ್ಟು ದೂರ ಅಂತ ಸ್ಕೇಲ್ ಇಟ್ಟು ಅಳೆಯಿರಿ. ಆಮೇಲೆ ಬಲಗಾಲು.

ನಿಮ್ಮ ಎಡಗಾಲಲ್ಲಿ 10 ಸೆಂಟಿಮೀಟರ್ ಆಸುಪಾಸು ಬರಬಹುದು. ಬಲಗಾಲು 6ಕ್ಕೋ 7ಕ್ಕೋ ನಿಂತುಬಿಡುತ್ತದೆ ಅಂತ ನನ್ನ ಅಂದಾಜು. ಎಷ್ಟಕ್ಕೆ ನಿಂತಿತು ಅನ್ನುವುದಕ್ಕಿಂತ ಎಲ್ಲಿ ತಡೆಯಿತು ಅನ್ನುವುದು ಮುಖ್ಯ. ಹಿಂದೆ ಮೀನಖಂಡದಲ್ಲಿ ಎಳೆತ ಬಂದು ನಿಂತರೆ ಅದು ಬಿಗಿಯಾದ ಸ್ನಾಯು, ಬೇರೆ ಕಥೆ. ಮುಂದೆ, ಪಾದ ಕಾಲಿಗೆ ಸೇರುವ ಮಡಿಕೆಯಲ್ಲಿ ಏನೋ ಸಿಕ್ಕಿಕೊಂಡ ಹಾಗೆ ಆಗಿ ನಿಂತರೆ ನಿಮ್ಮದು ಫುಟ್‌ಬಾಲ್ ಆಟಗಾರರ ಹಳೆಯ ಕಾಯಿಲೆ. ಪತ್ರ ಓದಿದರೆ ಹಾಗೇ ಅನ್ನಿಸುತ್ತದೆ. ಆದರೂ ಕಾಲು ನೋಡದೆ ಹೇಳುತ್ತಿದ್ದೇನೆ ಅನ್ನುವುದು ನೆನಪಿರಲಿ.

ಈಗ ಒಳಗೆ ಏನಾಗುತ್ತಿದೆ ನೋಡೋಣ. ನಾವು ಹರಡು ಅನ್ನುವ, ಆಟಗಾರರು ಆ್ಯಂಕಲ್ ಅನ್ನುವ ಕೀಲಿನಲ್ಲಿ ಕಣಕಾಲಿನ ಎರಡು ಮೂಳೆ ಸೇರಿ ಒಂದು ಕಮಾನು ಮಾಡಿವೆ. ಅದರೊಳಗೆ ಟೇಲಸ್ ಅನ್ನುವ ಮೂಳೆ ಕೂತು ಹಿಂದೆ ಮುಂದೆ ಆಡುತ್ತದೆ. ಪಾದ ಮೇಲಕ್ಕೆ ಬಂದಾಗಲೆಲ್ಲ ಕಮಾನಿನ ಮುಂದಿನ ತುಟಿ ಟೇಲಸ್‌ನ ಕುತ್ತಿಗೆ ಹತ್ತಿರ ಬರುತ್ತದೆ. ವರ್ಷಗಟ್ಟಲೆ ಅಲ್ಲಿ ಪೆಟ್ಟು ಬಿದ್ದರೆ ಎರಡೂ ಕಡೆ ಮೂಳೆ ಸಣ್ಣ ಕೊಕ್ಕಿನ ಹಾಗೆ ಬೆಳೆಯುತ್ತದೆ. ಎರಡರ ನಡುವೆ ಕೀಲಿನ ಒಳಪದರ ಇರುತ್ತದಲ್ಲ, ಅದು ಊದಿಕೊಂಡು ದಪ್ಪವಾಗುತ್ತದೆ. ಬಾಗಿಲ ಸಂದಿಗೆ ಬೆರಳು ಸಿಕ್ಕಿಕೊಂಡ ಹಾಗೆ ಅದು ಸಿಕ್ಕಿಕೊಳ್ಳುತ್ತದೆ. ನೋವು ಬರುವುದು ಮುಖ್ಯವಾಗಿ ಆ ಪದರದಿಂದ, ಮೂಳೆಯಿಂದಲ್ಲ.

ಇದನ್ನು ಒತ್ತಿ ಹೇಳಲು ಕಾರಣ ಇದೆ. ಎಕ್ಸ್-ರೇಯಲ್ಲಿ ಬೆಳೆದ ಮೂಳೆ ಕಂಡ ಕೂಡಲೇ ಎಲ್ಲರ ಕಣ್ಣೂ ಅದರ ಮೇಲೇ. ಬಹಳ ವರ್ಷ ಆಡಿದ ಆಟಗಾರರನ್ನು ಸಾಲಾಗಿ ನಿಲ್ಲಿಸಿ ಎಕ್ಸ್-ರೇ ತೆಗೆದರೆ ಒಂದಿಷ್ಟೂ ನೋವಿಲ್ಲದವರಲ್ಲೂ ಇಂಥ ಕೊಕ್ಕು ಸಿಗುತ್ತದೆ. ಇನ್ನೂ ಒಂದು ಮಾತು. ದಿನಾ ಕುಕ್ಕರಗಾಲಲ್ಲಿ ಕೂರುವ ಜನರ ಮೂಳೆಗಳಲ್ಲಿ ಇದೇ ಜಾಗದಲ್ಲಿ ಉಜ್ಜಿ ನುಣುಪಾದ ಗುರುತು ಇರುತ್ತದೆ. ಪಂಜಾಬಿನ ಜನರ ಕಾಲಿನ ಮೂಳೆಗಳ ಬಗ್ಗೆ ಬ್ರಿಟಿಷರ ಕಾಲದಲ್ಲೇ, 1893ರಲ್ಲಿ, ಒಬ್ಬ ಡಾಕ್ಟರು ಇದನ್ನು ಬರೆದಿಟ್ಟಿದ್ದಾರೆ. ನಮ್ಮ ಅಜ್ಜ ಅಜ್ಜಿಯರ ಮೂಳೆ ಮೂಳೆಗೆ ತಾಗುತ್ತಲೇ ಇತ್ತು. ಅವರು ಗದ್ದೆಯಲ್ಲಿ ಕೂತು ಕಳೆ ಕೀಳುತ್ತಲೇ ಇದ್ದರು.

ಫುಟ್‌ಬಾಲ್ ಆಡುವವರಲ್ಲೇ ಯಾಕೆ ಜಾಸ್ತಿ? ಲಿವರ್‌ಪೂಲ್‌ನ ಸರ್ಜನ್ ಮೆಕ್‌ಮರ್ರಿ ಬರೆದು 1950ರಲ್ಲಿ ಅಚ್ಚಾದ ಲೇಖನದಿಂದ 'ಫುಟ್‌ಬಾಲರ್ಸ್ ಆ್ಯಂಕಲ್' ಅನ್ನುವ ಹೆಸರು ನಿಂತಿತು. ಮಂಡಿಯೊಳಗಿನ ಮೆತ್ತೆ, ಅಂದರೆ ಮೆನಿಸ್ಕಸ್, ಹರಿದಿದೆಯಾ ಅಂತ ನೋಡುವ ಪರೀಕ್ಷೆಗೆ ಹೆಸರು ಕೊಟ್ಟವರೂ ಇವರೇ. ಒದೆಯುವಾಗ ಪಾದ ಕೆಳಕ್ಕೆ ಬಾಗಿ, ಕೀಲನ್ನು ಸುತ್ತಿರುವ ಪೊರೆ ಮುಂದುಗಡೆ ಎಳೆಯುತ್ತದೆ, ಆ ಎಳೆತಕ್ಕೆ ಮೂಳೆ ಬೆಳೆಯುತ್ತದೆ ಅಂತ ಆಗ ಅಂದುಕೊಂಡಿದ್ದರು. ಆಮೇಲೆ ಆ್ಯಮ್‌ಸ್ಟರ್‌ಡ್ಯಾಮ್‌ನಲ್ಲಿ ಸರ್ಜನ್ ನೀಕ್ ವಾನ್ ಡೈಕ್ ಮತ್ತು ಜೊತೆಯವರು ಅಳತೆ ಮಾಡಿ ನೋಡಿದರು. ಪೊರೆ ಅಂಟಿರುವುದು ಇನ್ನೂ ಮೇಲೆ, ಕೊಕ್ಕು ಬೆಳೆಯುವುದು ಕಾರ್ಟಿಲೇಜ್, ಅಂದರೆ ಕೀಲಿನಲ್ಲಿ ಮೂಳೆಯ ಮೇಲಿರುವ ನುಣುಪಾದ ಹೊದಿಕೆಯ ಅಂಚಿನಲ್ಲಿ. ಅಂದರೆ ಎಳೆತದ ಲೆಕ್ಕ ಸರಿಹೋಗುವುದಿಲ್ಲ. ಆಟಗಾರರು ಒದೆಯುವುದನ್ನು ವಿಡಿಯೋ ಮಾಡಿ ನೋಡಿದಾಗ ಬಾಲ್ ಬಂದು ಬಡಿಯುವುದು ಬಹುಪಾಲು ಆ್ಯಂಕಲ್‌ನ ಮುಂದಿನ ಒಳಭಾಗಕ್ಕೇ ಅಂತ ಕಂಡಿತು. ಅಲ್ಲಿ ಚರ್ಮದ ಕೆಳಗೆ ಕೊಬ್ಬೇ ಇಲ್ಲ, ಬಾಲ್ ಪೆಟ್ಟು ನೇರ ಮೂಳೆಗೆ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಭಾರತದ ಬಹುತೇಕ ಆಟಗಾರರು ಬರಿಗಾಲಲ್ಲಿ ಆಡಿದರು. ನಮ್ಮ ಬೆಂಗಳೂರಿನ ಅಹ್ಮದ್ ಖಾನ್ ಆ ತಂಡದಲ್ಲಿದ್ದರು. ಮಳೆಗೆ ನೆನೆದು ಭಾರವಾದ ಆ ಕಾಲದ ತೊಗಲಿನ ಬಾಲ್ ನೆನೆಸಿಕೊಂಡರೆ ನನಗೆ ಇವತ್ತಿಗೂ ಕಾಲು ಚುಳ್ ಅನ್ನುತ್ತದೆ.

ಬಾಲ್ ಪೆಟ್ಟು ಒಂದು ಕಾರಣ. ಎರಡನೆಯದು ನಿಮ್ಮ ಪತ್ರದಲ್ಲೇ ಇದೆ: 'ಎರಡು ಮೂರು ಸಲ ಹೊರಳಿದೆ.' ನಾನು ನಿಮ್ಮ ಡಾಕ್ಟರ ಜಾಗದಲ್ಲಿದ್ದರೆ ಮೂಳೆ ಫೋಟೋ ಪಕ್ಕಕ್ಕಿಟ್ಟು ಇದನ್ನೇ ಕೇಳುತ್ತಿದ್ದೆ. ಸಮತಟ್ಟಾದ ರಸ್ತೆಯಲ್ಲಿ ನಡೆಯುವಾಗಲೂ ಕಾಲು ಹೊರಳುತ್ತದಾ? ಮೆಟ್ಟಿಲು ಇಳಿಯುವಾಗ ಭಯ ಆಗುತ್ತದಾ? ಓಡುತ್ತಾ ಗಕ್ಕನೆ ತಿರುಗುವಾಗ ಬಲಗಾಲಿನ ಮೇಲೆ ನಂಬಿಕೆ ಇಲ್ಲದೆ ಎಡಗಾಲಲ್ಲೇ ತಿರುಗುತ್ತೀರಾ? ಇದಕ್ಕೆಲ್ಲ ಹೌದು ಅಂದರೆ ಹೊರಗಡೆಯ ಲಿಗಮೆಂಟ್ (ಮೂಳೆಗೆ ಮೂಳೆಯನ್ನು ಕಟ್ಟಿ ಹಿಡಿಯುವ ಪಟ್ಟಿ) ಸಡಿಲಾಗಿದೆ ಅಂತ ಅನುಮಾನ. ಸಡಿಲಾದ ಕೀಲು ಜಾಸ್ತಿ ಜಾರುತ್ತದೆ, ಜಾರಿದಷ್ಟೂ ಮುಂದೆ ಪೆಟ್ಟು ಬೀಳುತ್ತದೆ, ಮೂಳೆ ಬೆಳೆಯುತ್ತದೆ. ಕೆಲವೊಮ್ಮೆ ಆ ಮೂಳೆಯೇ ಕೀಲು ಮುಂದೆ ಜಾರದ ಹಾಗೆ ಬಾಗಿಲಿಗೆ ಇಟ್ಟ ಕಲ್ಲಿನ ಕೆಲಸ ಮಾಡುತ್ತಿರುತ್ತದೆ. ಕಲ್ಲು ತೆಗೆದರೆ ಬಾಗಿಲು ಹೊಡೆದುಕೊಳ್ಳುತ್ತದೆ.

ಇದನ್ನು ನಾನು ಕಲಿತದ್ದು ನನ್ನ ತಪ್ಪಿನಿಂದಲೇ. ಸರ್ಜನ್ ಆಗಿ ಪ್ರಾಕ್ಟೀಸ್ ಶುರು ಮಾಡಿದ ಹೊಸತು. ಒಬ್ಬ ಡಿಫೆಂಡರ್ ಬಂದ. ದೊಡ್ಡ ಕೊಕ್ಕು, ಮುಂದೆ ನೋವು, ಪಾಠದಲ್ಲಿ ಬರೆದ ಹಾಗೇ ಇತ್ತು. ಚೆನ್ನಾಗಿ ಕೊರೆದು ಕ್ಲೀನ್ ಮಾಡಿದೆ. ಎಕ್ಸ್-ರೇ ಅಂದವಾಗಿತ್ತು. ನಾಲ್ಕು ತಿಂಗಳ ಮೇಲೆ ಬಂದು, 'ಸರ್, ನೋವಿಲ್ಲ. ಆದರೆ ಕಾಲು ನಿಲ್ತಾ ಇಲ್ಲ' ಅಂದ. ಹಿಮ್ಮಡಿ ಹಿಡಿದು ಮುಂದೆ ಎಳೆದೆ, ಡ್ರಾಯರ್ ತೆಗೆದ ಹಾಗೆ ಜಾರಿತು. ಮೊದಲನೇ ದಿನವೇ ಎಳೆದು ನೋಡಬೇಕಿತ್ತು. ಅವನಿಗೆ ಎರಡನೇ ಆಪರೇಷನ್ ಆಯಿತು, ಒಂದು ಸೀಸನ್ ಹೋಯಿತು. ಅವನು ಬೈಯಲಿಲ್ಲ, ಅದೇ ಜಾಸ್ತಿ ಕಷ್ಟ ಆಯಿತು.

ಹಾಗಾಗಿ ಆಪರೇಷನ್ ಬೇಕೋ ಬೇಡವೋ ಅನ್ನುವ ಮುಂಚೆ ಮೂರು ವಿಷಯ ಗೊತ್ತಾಗಬೇಕು. ಲಿಗಮೆಂಟ್ ಗಟ್ಟಿ ಇದೆಯಾ? ಅದನ್ನು ಕೈಯಲ್ಲಿ ಎಳೆದು, ಎಡಗಾಲಿನ ಜೊತೆ ಹೋಲಿಸಿ ನೋಡಬೇಕು. ಎಂಆರ್‌ಐ ರಿಪೋರ್ಟ್ ಒಂದನ್ನೇ ನಂಬಿ ಹೇಳುವ ಮಾತಲ್ಲ. ಕೀಲಿನ ಸಂದು ಸವೆದಿದೆಯಾ? ಅದಕ್ಕೆ ನಿಂತುಕೊಂಡು, ಕಾಲ ಮೇಲೆ ಭಾರ ಹಾಕಿ ತೆಗೆದ ಎಕ್ಸ್-ರೇ ಬೇಕು. ಮಲಗಿಸಿ ತೆಗೆದರೆ ಸವೆದ ಸಂದು ಕೂಡ ಸರಿಯಾಗಿರುವ ಹಾಗೆ ಕಾಣಬಹುದು. ಟೇಲಸ್ ಮೇಲಿನ ಕಾರ್ಟಿಲೇಜ್‌ನಲ್ಲಿ ಗುಂಡಿ ಬಿದ್ದಿದೆಯಾ? ಅದು ಎಂಆರ್‌ಐನಲ್ಲಿ ಕಾಣುತ್ತದೆ, ಎಷ್ಟು ಆಳ ಅಗಲ ಅಂತ ತಿಳಿಯಲು ಸಿಟಿ ಸ್ಕ್ಯಾನ್ ಒಳ್ಳೆಯದು. ಇನ್ನೊಂದು ಚಿಕ್ಕ ವಿಷಯ: ಮುಂದಿನ ಒಳಭಾಗದ ಕೊಕ್ಕು ಮಾಮೂಲಿ ಪಕ್ಕದ ಎಕ್ಸ್-ರೇಯಲ್ಲಿ ತಪ್ಪಿಸಿಕೊಳ್ಳುತ್ತದೆ. ಅದಕ್ಕೇ ಅಂತ ಓರೆಯಾಗಿ ತೆಗೆಯುವ ಒಂದು ಎಕ್ಸ್-ರೇ ಇದೆ. ನಿಮ್ಮ ಡಾಕ್ಟರನ್ನು ಕೇಳಿ.

ಈಗ ಇಂಜೆಕ್ಷನ್. ಎರಡು ಥರ ಇದೆ, ಜನ ಎರಡನ್ನೂ ಸೇರಿಸಿ ಮಾತಾಡುತ್ತಾರೆ. ಒಂದು ಬರೀ ಮರಗಟ್ಟಿಸುವ ಮದ್ದು. ಅದನ್ನು ಕೀಲಿನ ಮುಂದೆ ಹಾಕಿ ಹತ್ತು ನಿಮಿಷ ಬಿಟ್ಟು ಕುಕ್ಕರಗಾಲಲ್ಲಿ ಕೂರಿಸುತ್ತೇವೆ. ಒಂದು ವರ್ಷದಿಂದ ಆಗದವರು ಆರಾಮಾಗಿ ಕೂತುಬಿಟ್ಟರೆ ನೋವಿನ ಜಾಗ ಅದೇ ಅಂತ ಗ್ಯಾರಂಟಿ. ಕೆಲವು ಗಂಟೆಯಲ್ಲಿ ನೋವು ವಾಪಸ್ ಬರುತ್ತದೆ, ಬರಲೇಬೇಕು. ಅದು ಪರೀಕ್ಷೆ, ಚಿಕಿತ್ಸೆ ಅಲ್ಲ. ಇನ್ನೊಂದು ಸ್ಟೀರಾಯ್ಡ್. ಊದಿದ ಪದರ ಒಂದಷ್ಟು ವಾರ ತಣ್ಣಗಾಗುತ್ತದೆ, ಆ ಸಮಯದಲ್ಲಿ ಎಕ್ಸರ್‌ಸೈಜ್ ಮಾಡಿ ಕಾಲು ಗಟ್ಟಿ ಮಾಡಿಕೊಳ್ಳಬಹುದು. ಒಂದು ಸಲ ಹಾಕಿಸುವುದಕ್ಕೆ ನನ್ನ ತಕರಾರಿಲ್ಲ. ಪ್ರತಿ ಟೂರ್ನಮೆಂಟಿಗೂ ಮುಂಚೆ ಒಂದೊಂದು ಹಾಕಿಸಿಕೊಂಡು ಆಡುವವರಿದ್ದಾರಲ್ಲ, ಅದಕ್ಕೆ ಮಾತ್ರ ನಾನು ಒಪ್ಪುವುದಿಲ್ಲ. ಪದೇ ಪದೇ ಹಾಕಿದರೆ ಕಾರ್ಟಿಲೇಜ್‌ಗೆ ಒಳ್ಳೆಯದಲ್ಲ. ನೋವು ಗೊತ್ತಾಗದ ಕಾಲಲ್ಲಿ ಆಡಿದರೆ ಪೆಟ್ಟು ಬಿದ್ದದ್ದೂ ಗೊತ್ತಾಗುವುದಿಲ್ಲ. ಡೋಪಿಂಗ್ ಪರೀಕ್ಷೆ ಇರುವ ಮಟ್ಟದಲ್ಲಿ ಆಡುವವರಾದರೆ ಇನ್ನೂ ಹುಷಾರು. 2022ರ ಜನವರಿಯಿಂದ ಪಂದ್ಯದ ಸಮಯದಲ್ಲಿ ಸ್ಟೀರಾಯ್ಡ್ ಇಂಜೆಕ್ಷನ್ ಯಾವ ಜಾಗಕ್ಕೆ ಹಾಕಿಸಿದರೂ ನಿಷೇಧ, ಕೀಲಿಗೆ ಹಾಕಿಸಿದರೂ ಅಷ್ಟೇ.

ಪುತ್ತೂರು ಕಟ್ಟು ಬಗ್ಗೆ ಒಂದೇ ಮಾತು. ಉಳ್ಳಾಲದವರಾದ ನಿಮಗೆ ನಗು ಬರಬಹುದು, ಅದು ನಿಮ್ಮ ಪಕ್ಕದ ಪುತ್ತೂರಲ್ಲ, ಆಂಧ್ರದ ಚಿತ್ತೂರು ಕಡೆಯ ಪುತ್ತೂರು. ಮುರಿದ ಮೂಳೆ ಕಟ್ಟುವವರು ಅವರು. ನಿಮ್ಮದು ಮುರಿದದ್ದಲ್ಲ, ಬೆಳೆದದ್ದು. ಕಟ್ಟಿದರೆ ಕೀಲು ಇನ್ನಷ್ಟು ಬಿಗಿಯಾಗುತ್ತದೆ ಅಷ್ಟೇ. ರೂಮ್‌ಮೇಟ್‌ಗೆ ಬೇಜಾರಾಗದ ಹಾಗೆ ಹೇಳಿ.

ಮೊದಲ ಮೂರು ತಿಂಗಳು ಆಪರೇಷನ್ ಇಲ್ಲದೆ ಪ್ರಯತ್ನ ಮಾಡುವುದು ನನ್ನ ಪದ್ಧತಿ. ನೀವು ಸರಿಯಾಗಿ ಮಾಡಿದ್ದೀರಾ? ಪತ್ರದಲ್ಲಿ ಫಿಸಿಯೋ ಹೆಸರೇ ಇಲ್ಲ. ಶೂ ಒಳಗೆ ಹಿಮ್ಮಡಿ ಕೆಳಗೆ 6–8 ಮಿಲಿಮೀಟರ್ ಪ್ಯಾಡ್ ಇಡಿ. ಹಿಮ್ಮಡಿ ಎತ್ತರವಾದರೆ ಮುಂದೆ ಒತ್ತುವುದು ಕಮ್ಮಿಯಾಗುತ್ತದೆ. ಜಿಮ್‌ನಲ್ಲಿ ಪೂರ್ತಿ ಕೂತು ಏಳುವ ಸ್ಕ್ವಾಟ್ ನಿಲ್ಲಿಸಿ. ಮೀನಖಂಡ ಮತ್ತು ಹೊರಗಡೆಯ ಸ್ನಾಯು ಗಟ್ಟಿ ಮಾಡಿ, ಒಂಟಿಕಾಲಲ್ಲಿ ನಿಲ್ಲುವುದು ಅಭ್ಯಾಸ ಮಾಡಿ. ಹೆಚ್ಚಿನವರು ಮಾಡುವ ತಪ್ಪು ಒಂದಿದೆ: ಬಿಗಿ ಇದೆ ಅಂತ ದಿನಾ ಮಂಡಿ ಮುಂದೆ ತಳ್ಳಿ ತಳ್ಳಿ ಸ್ಟ್ರೆಚ್ ಮಾಡುತ್ತಾರೆ. ಮುಂದೆ ಸಿಕ್ಕಿಕೊಳ್ಳುವ ಆ್ಯಂಕಲ್‌ಗೆ ಅದು ಗಾಯದ ಮೇಲೆ ಉಜ್ಜಿದ ಹಾಗೆ. ಮೇಲೆ ಹೇಳಿದ ಗೋಡೆ ಪರೀಕ್ಷೆ ವಾರಕ್ಕೊಮ್ಮೆ ಅಳತೆಗೆ ಮಾತ್ರ.

ಇಷ್ಟು ಮಾಡಿದ ಮೇಲೂ ಓಡಿದಾಗೆಲ್ಲ ಊತ ಬಂದರೆ, ಪರೀಕ್ಷೆಗಳೂ ಮುಂದಿನ ಸಿಕ್ಕಿಕೊಳ್ಳುವಿಕೆಯನ್ನೇ ತೋರಿಸಿದರೆ, ಆಗ ಆಪರೇಷನ್ ಮಾಡಿಸಿ. ಹೆದರುವಂಥದ್ದಲ್ಲ.

ಏನು ಮಾಡುತ್ತಾರೆ ಅಂತ ಹೇಳುತ್ತೇನೆ. ಸೊಂಟಕ್ಕೆ ಇಂಜೆಕ್ಷನ್ ಕೊಟ್ಟು ಕೆಳಗೆ ಮರಗಟ್ಟಿಸುತ್ತಾರೆ, ತೊಡೆಗೆ ಪಟ್ಟಿ ಕಟ್ಟುತ್ತಾರೆ. ಅದಕ್ಕೂ ಮುಂಚೆ, ನೀವು ಎಚ್ಚರ ಇರುವಾಗಲೇ, ನಾನು ನಾಲ್ಕನೇ ಬೆರಳು ಹಿಡಿದು ಪಾದವನ್ನು ಕೆಳಕ್ಕೆ ಒಳಕ್ಕೆ ಬಗ್ಗಿಸುತ್ತೇನೆ. ತೆಳ್ಳಗಿನವರಲ್ಲಿ ಪಾದದ ಮೇಲೆ ಚರ್ಮದಡಿ ಒಂದು ನರ ದಾರದ ಹಾಗೆ ಎದ್ದು ಕಾಣುತ್ತದೆ. ಪೆನ್ನಲ್ಲಿ ಗೆರೆ ಎಳೆದುಬಿಡುತ್ತೇನೆ. ಈ ಆಪರೇಷನ್‌ನಲ್ಲಿ ಪೆಟ್ಟು ತಿನ್ನುವ ಸಾಧ್ಯತೆ ಜಾಸ್ತಿ ಇರುವುದು ಅದಕ್ಕೇ. ಪೆಟ್ಟಾದರೆ ಪಾದದ ಮೇಲೆ ಜೋಮು ಹಿಡಿದ ಹಾಗೆ ಉಳಿಯುತ್ತದೆ. ಹೆಚ್ಚಿನವರಲ್ಲಿ ತಿಂಗಳುಗಳಲ್ಲಿ ಹೋಗುತ್ತದೆ, ಕೆಲವರಲ್ಲಿ ಹೋಗುವುದಿಲ್ಲ. ಆಮೇಲೆ ಮುಂದುಗಡೆ ಅರ್ಧ ಸೆಂಟಿಮೀಟರಿನ ಎರಡು ತೂತು. ಒಂದರಲ್ಲಿ ಕ್ಯಾಮೆರಾ, ಇನ್ನೊಂದರಲ್ಲಿ ಉಪಕರಣ. ನೀರು ಬಿಟ್ಟು ಕೀಲು ಉಬ್ಬಿಸುತ್ತೇವೆ. ಮೊದಲು ಕೆಂಪಗೆ ಊದಿದ ಪದರ ತೆಗೆದು, ಆಮೇಲೆ ಕೊಕ್ಕನ್ನು ಸಣ್ಣ ಡ್ರಿಲ್‌ನಲ್ಲಿ ಉಜ್ಜಿ ಹಾಕುತ್ತೇವೆ. ಪಾದವನ್ನು ಮೇಲಕ್ಕೆ ಒತ್ತಿ ಇನ್ನೂ ಎಲ್ಲಾದರೂ ತಾಗುತ್ತಿದೆಯಾ ಅಂತ ಕ್ಯಾಮೆರಾದಲ್ಲೇ ನೋಡುತ್ತೇವೆ. ಮುಕ್ಕಾಲು ಗಂಟೆ, ಒಂದು ಗಂಟೆಯ ಕೆಲಸ. ಅದೇ ದಿನ ಅಥವಾ ಮಾರನೇ ದಿನ ಮನೆಗೆ.

ಕೀಲಿನ ಸಂದು ಚೆನ್ನಾಗಿದ್ದರೆ ಹತ್ತರಲ್ಲಿ ಎಂಟಕ್ಕಿಂತ ಹೆಚ್ಚು ಜನಕ್ಕೆ ಒಳ್ಳೆಯ ಫಲ ಸಿಗುತ್ತದೆ. ಸಂದು ಸವೆದಿದ್ದರೆ ಅದು ಸುಮಾರು ಅರ್ಧಕ್ಕೆ ಇಳಿಯುತ್ತದೆ. ಮೂಳೆ ಮತ್ತೆ ಬೆಳೆಯುತ್ತದಾ ಅಂತ ಕೇಳಿದ್ದೀರಿ. ವರ್ಷಗಳ ಮೇಲೆ ಎಕ್ಸ್-ರೇ ತೆಗೆದರೆ ಬಹಳ ಜನರಲ್ಲಿ ಸ್ವಲ್ಪ ಬೆಳೆದಿರುತ್ತದೆ, ಅದರಲ್ಲೂ ಆಟ ಮುಂದುವರಿಸಿದವರಲ್ಲಿ. ಆದರೆ ಮೂಳೆ ಬಂತು ಅಂದ ಮಾತ್ರಕ್ಕೆ ನೋವು ಬರುವುದಿಲ್ಲ. ಎರಡಕ್ಕೂ ನೇರ ನಂಟಿಲ್ಲ, ಮೊದಲೇ ಹೇಳಿದೆನಲ್ಲ.

ರೊನಾಲ್ಡೊ ಕಥೆ ಪೇಷೆಂಟ್‌ಗಳೇ ನನಗೆ ಹೇಳುತ್ತಾರೆ. ಕ್ರಿಸ್ಟಿಯಾನೊ ರೊನಾಲ್ಡೊಗೆ 2008ರ ಜುಲೈಯಲ್ಲಿ ಆ್ಯಮ್‌ಸ್ಟರ್‌ಡ್ಯಾಮ್‌ನಲ್ಲಿ ಆ್ಯಂಕಲ್ ಆಪರೇಷನ್ ಆಯಿತು. ಮಾಡಿದ್ದು ಅದೇ ವಾನ್ ಡೈಕ್. ಸೆಪ್ಟೆಂಬರ್ 17ಕ್ಕೆ ಸ್ಪೇನಿನ ವಿಯ್ಯಾರಿಯಲ್ ತಂಡದ ವಿರುದ್ಧ ಬದಲಿ ಆಟಗಾರನಾಗಿ ಇಳಿದರು. ಹತ್ತು ವಾರ. 'ಹಾಗಾದ್ರೆ ನಂಗೂ ಹತ್ತು ವಾರ ಅಲ್ವಾ ಸರ್?' ಅಂತಾರೆ. ಆ ಹತ್ತು ವಾರ ಬೆಳಗ್ಗೆಯಿಂದ ಸಂಜೆ ತನಕ ಕಾಲು ಸರಿ ಮಾಡಿಕೊಳ್ಳುವುದೇ ಅವರ ಕೆಲಸ. ನೀವು ಎರಡನೇ ವಾರವೇ ಬಸ್ಸಲ್ಲಿ ನಿಂತು ಆಫೀಸಿಗೆ ಹೋಗುತ್ತೀರಿ. ಅದೇ ಆಟದ ಇನ್ನೊಂದು ಕಥೆ ನೆದರ್‌ಲ್ಯಾಂಡ್ಸ್‌ನ ಆಟಗಾರ ಮಾರ್ಕೊ ವಾನ್ ಬಾಸ್ಟನ್‌ದು. ಆ್ಯಂಕಲ್‌ಗೆ ಒಂದಾದ ಮೇಲೆ ಒಂದು ಆಪರೇಷನ್. 1993ರ ಮೇ ತಿಂಗಳ ಚಾಂಪಿಯನ್ಸ್ ಲೀಗ್ ಫೈನಲ್ ಅವರ ಕೊನೆಯ ಪಂದ್ಯ, ಆಗ ವಯಸ್ಸು 28. ಎರಡು ವರ್ಷ ಕಾದು 1995ರಲ್ಲಿ ನಿವೃತ್ತಿ ಹೇಳಿದರು. ಕಾರ್ಟಿಲೇಜ್ ಹೋದ ಕೀಲಿಗೆ ಎಷ್ಟು ದೊಡ್ಡ ಸರ್ಜನ್ ಇದ್ದರೂ ಹೊಸ ಕಾರ್ಟಿಲೇಜ್ ತಂದು ಕೊಡಲಾಗುವುದಿಲ್ಲ.

ಆಪರೇಷನ್ ಆದ ಮೇಲಿನ ದಿನಗಳಿಗೆ ಬರೋಣ. ನನ್ನ ಕೆಲಸ ಒಂದು ಗಂಟೆಯದು, ನಿಮ್ಮದು ಮೂರು ತಿಂಗಳಿನದು. ಮೊದಲ ಹತ್ತು ದಿನ ಕಾಲು ದಿಂಬಿನ ಮೇಲೆ, ಎದೆಗಿಂತ ಎತ್ತರಕ್ಕೆ. ಕುರ್ಚಿ ಮೇಲೆ ಕೂತು ಸ್ಟೂಲ್ ಮೇಲೆ ಕಾಲಿಟ್ಟರೆ ಅದು ಎತ್ತರ ಅಲ್ಲ. ನೋವು ತಡೆಯುವಷ್ಟು ಭಾರ ಹಾಕಿ ಊರುಗೋಲು ಹಿಡಿದು ನಡೆಯಬಹುದು. ಎಚ್ಚರ ಇರುವಾಗ ಗಂಟೆಗೊಮ್ಮೆ ಪಾದ ಮೇಲೆ ಕೆಳಗೆ ಆಡಿಸಿ, ಪ್ರತಿ ಸಲ ಹತ್ತಿಪ್ಪತ್ತು ಸಲ. ಬಿಟ್ಟರೆ ಕೊರೆದ ಜಾಗದಲ್ಲಿ ಗಾಯದ ಅಂಟು ತುಂಬಿಕೊಳ್ಳುತ್ತದೆ, ಮೂಳೆ ತೆಗೆದೂ ಬಿಗಿ ಉಳಿಯುತ್ತದೆ. ಹೊಲಿಗೆ ಬಿಚ್ಚುವ ತನಕ, ಅಂದರೆ ಎರಡು ವಾರದ ತನಕ, ಗಾಯಕ್ಕೆ ನೀರು ತಾಗಿಸಬೇಡಿ. ಜ್ವರ ಬಂದರೆ, ಕೀವು ಸೋರಿದರೆ, ಮೀನಖಂಡ ಊದಿ ಗಟ್ಟಿಯಾಗಿ ನೋಯುತ್ತಿದ್ದರೆ ಬೆಳಗಾಗಲಿ ಅಂತ ಕಾಯಬೇಡಿ, ಆಸ್ಪತ್ರೆಗೆ ಹೋಗಿ. ಕೊನೆಯದು ರಕ್ತ ಹೆಪ್ಪುಗಟ್ಟಿದ ಲಕ್ಷಣ ಇರಬಹುದು.

ಎರಡನೇ ವಾರದಿಂದ ಸೈಕಲ್, ಮೊದಲು ನಿಂತಲ್ಲೇ ತುಳಿಯುವ ಸೈಕಲ್. ಎರಡೂ ಕಾಲಲ್ಲಿ ತುದಿಗಾಲಿಗೆ ಏಳುವುದು, ಆಮೇಲೆ ಒಂದೇ ಕಾಲಲ್ಲಿ. ಹಲ್ಲುಜ್ಜುವಾಗ ಬಲಗಾಲೊಂದರಲ್ಲೇ ನಿಲ್ಲಿ. ಸುಲಭ ಆಯಿತಾ? ಕಣ್ಣು ಮುಚ್ಚಿ ನಿಲ್ಲಿ, ಒಂದು ಕೈ ಬೇಸಿನ್ ಹತ್ತಿರವೇ ಇರಲಿ. ಸುಮ್ನೆ ಆಟದ ಹಾಗೆ ಕಾಣುತ್ತದೆ, ಆದರೆ ಹೊರಳಿದ ಆ್ಯಂಕಲ್ ಕಳೆದುಕೊಂಡಿರುವುದೇ ಈ ಹಿಡಿತ. ಲಿಗಮೆಂಟ್ ಒಳಗಿನ ನರಗಳು ಪಾದ ಎಲ್ಲಿದೆ ಅಂತ ಸುದ್ದಿ ಕಳಿಸುವುದನ್ನು ಮತ್ತೆ ಕಲಿಯಬೇಕು.

ಓಡುವುದು ಯಾವಾಗ? ಕ್ಯಾಲೆಂಡರ್ ನೋಡಿ ಹೇಳಲು ನನಗೆ ಇಷ್ಟ ಇಲ್ಲ. ಕುಂಟದೆ ಬಿರುಸಾಗಿ ನಡೆಯಬೇಕು. ಬಲಗಾಲೊಂದರಲ್ಲೇ ಇಪ್ಪತ್ತು ಇಪ್ಪತ್ತೈದು ಸಲ ತುದಿಗಾಲಿಗೆ ಏಳಬೇಕು, ಎಡಗಾಲಿನಷ್ಟೇ ಎತ್ತರಕ್ಕೆ. ಗೋಡೆ ಅಳತೆ ಎಡಗಾಲಿಗಿಂತ ಒಂದೆರಡು ಸೆಂಟಿಮೀಟರ್ ಒಳಗೆ ಬರಬೇಕು. ಒಂಟಿಕಾಲಲ್ಲಿ ಕುಪ್ಪಳಿಸಿದರೆ ಮುಖ ಸಿಂಡರಿಸಬಾರದು. ಹೆಚ್ಚಿನವರಿಗೆ ಇದು ಐದಾರು ವಾರಕ್ಕೆ ಬರುತ್ತದೆ. ಮೊದಲು ನೇರ ಓಟ, ಆಮೇಲೆ ದೊಡ್ಡ ತಿರುವು, ಆಮೇಲೆ ಗಕ್ಕನೆ ತಿರುಗುವುದು. ಬಾಲ್ ಕೂಡ ಹಾಗೇ: ಪಾದದ ಒಳಭಾಗದಲ್ಲಿ ಹತ್ತು ಮೀಟರ್ ಪಾಸ್, ಆಮೇಲೆ ಉದ್ದದ ಕ್ರಾಸ್, ಶಾಟ್ ಕೊನೆಗೆ. ನಿಮಗೆ ನೋವು ತಂದದ್ದೇ ಶಾಟ್ ಅಲ್ವಾ, ಅದಕ್ಕೆ ಅವಸರ ಬೇಡ. ಟ್ಯಾಕಲ್ ಎಲ್ಲಕ್ಕಿಂತ ಕೊನೆಗೆ.

ದಿನದ ಲೆಕ್ಕಕ್ಕೆ ಒಂದು ಸುಲಭ ನಿಯಮ ಇಟ್ಟುಕೊಳ್ಳಿ. ಎಕ್ಸರ್‌ಸೈಜ್ ಮಾಡುವಾಗ ಹತ್ತಕ್ಕೆ ಮೂರರಷ್ಟು ನೋವು ಪರವಾಗಿಲ್ಲ. ಮಾರನೇ ಬೆಳಗ್ಗೆ ಎದ್ದು ಆ್ಯಂಕಲ್ ಗಿಣ್ಣಿನ ಎರಡೂ ಪಕ್ಕದ ಗುಳಿ ನೋಡಿ. ಗುಳಿ ಇದ್ದರೆ ಇವತ್ತು ಸ್ವಲ್ಪ ಜಾಸ್ತಿ ಮಾಡಿ. ಗುಳಿ ತುಂಬಿಕೊಂಡಿದ್ದರೆ ನಿನ್ನೆ ಜಾಸ್ತಿ ಆಯಿತು ಅಂತ, ಇವತ್ತು ಕಮ್ಮಿ ಮಾಡಿ. ಕೋಚ್ ಏನು ಹೇಳಿದರೂ ಈ ಗುಳಿ ಮಾತು ಕೇಳಿ.

ಬರೀ ಕೊಕ್ಕು ತೆಗೆದದ್ದಾದರೆ ಎಂಟರಿಂದ ಹನ್ನೆರಡು ವಾರದಲ್ಲಿ ಮ್ಯಾಚ್ ಆಡಬಹುದು. ಅದಕ್ಕೂ ಮುಂಚೆ ಎರಡು ವಾರ ತಂಡದ ಜೊತೆ ಪೂರ್ತಿ ಪ್ರಾಕ್ಟೀಸ್ ಆಗಿರಬೇಕು. ಲಿಗಮೆಂಟ್ ಸಡಿಲಾಗಿದ್ದರೆ ಅದೇ ಸಲ ಅದನ್ನೂ ಬಿಗಿ ಮಾಡುತ್ತೇವೆ. ಸ್ವೀಡನ್ನಿನ ಬ್ರೋಸ್ಟ್ರಮ್ 1966ರಲ್ಲಿ ತೋರಿಸಿಕೊಟ್ಟ ವಿಧಾನ, ಸ್ವಲ್ಪ ಬದಲಾಗಿ ಇವತ್ತಿಗೂ ನಡೆಯುತ್ತಿದೆ: ಸಡಿಲಾದ ಲಿಗಮೆಂಟನ್ನೇ ಮಡಿಸಿ ಮೂಳೆಗೆ ಹೊಲಿಯುವುದು. ಆಗ ಸುಮಾರು ಆರು ವಾರ ಕೀಲು ಆಡದ ಹಾಗೆ ಹಿಡಿಯುವ ಆಸ್ಪತ್ರೆಯ ಬೂಟು, ಆಮೇಲೆ ಬ್ರೇಸ್ (ಹೊರಳದ ಹಾಗೆ ಹಿಡಿಯುವ ಕವಚ), ಓಟ ಮೂರು ತಿಂಗಳ ಹತ್ತಿರ, ಫುಟ್‌ಬಾಲ್ ನಾಲ್ಕರಿಂದ ಆರು ತಿಂಗಳಿಗೆ. ನೇಮಾರ್‌ಗೆ 2023ರ ಮಾರ್ಚ್‌ನಲ್ಲಿ ದೋಹಾದಲ್ಲಿ ಆ್ಯಂಕಲ್ ಲಿಗಮೆಂಟ್ ಆಪರೇಷನ್ ಆದಾಗ ಅವರ ಕ್ಲಬ್ಬೇ ಮೂರ್ನಾಲ್ಕು ತಿಂಗಳು ಆಡುವುದಿಲ್ಲ ಅಂತ ಹೇಳಿತ್ತು. ಕಾರ್ಟಿಲೇಜ್‌ನ ಗುಂಡಿಗೆ ಸಣ್ಣ ತೂತು ಕೊರೆಯಬೇಕಾಗಿ ಬಂದರೆ ಒಂದೂವರೆ ತಿಂಗಳ ತನಕ ಊರುಗೋಲು, ಆಟ ಅರ್ಧ ವರ್ಷ ಮರೆತುಬಿಡಿ.

ಮರಳಿದ ಮೇಲೂ ಒಂದು ವರ್ಷ ಆಡುವಾಗ ಬ್ರೇಸ್ ಅಥವಾ ಸರಿಯಾಗಿ ಸುತ್ತಿದ ಟೇಪ್ ಇರಲಿ. ಒಮ್ಮೆ ಹೊರಳಿದ ಕಾಲು ಮತ್ತೆ ಹೊರಳುವುದನ್ನು ಇದು ಕಮ್ಮಿ ಮಾಡುತ್ತದೆ. ಮೆಡಿಕಲ್ ಶಾಪ್‌ನ ಕ್ರೇಪ್ ಬ್ಯಾಂಡೇಜ್ ಹತ್ತು ನಿಮಿಷ ಓಡಿದರೆ ಸಡಿಲಾಗುತ್ತದೆ. ಟರ್ಫ್‌ನಲ್ಲಿ ಹುಲ್ಲಿನ ಮೈದಾನದ ಉದ್ದ ಸ್ಟಡ್ ಬೂಟು ಹಾಕಬೇಡಿ. ಕಾಲು ನೆಲಕ್ಕೆ ಕಚ್ಚಿಕೊಂಡು ದೇಹ ಮಾತ್ರ ತಿರುಗುತ್ತದೆ.

ಇನ್ನು ಸೆವೆನ್ಸ್. ಆಪರೇಷನ್ ನಾಳೆಯೇ ಆದರೂ ಮೂರು ತಿಂಗಳು ಅಂದರೆ ಕೂದಲೆಳೆ ಅಂತರ, ಅದೂ ಲಿಗಮೆಂಟ್ ಗಟ್ಟಿ ಇದ್ದರೆ. ಮೂರು ತಿಂಗಳು ಫಿಸಿಯೋ ಮಾಡಿ ನೋಡುತ್ತೇನೆ ಅಂದರೆ ಆ ಟೂರ್ನಮೆಂಟ್ ಅದರ ಕೊನೆಯ ವಾರಕ್ಕೇ ಬೀಳುತ್ತದೆ. ನನ್ನನ್ನು ಕೇಳಿದರೆ ಈ ಸಲ ಹೆಸರು ಕೊಡಬೇಡಿ. ಊರಿಗೆ ಹೋಗಿ, ಬೆಂಚಲ್ಲಿ ಕೂತು ಕೂಗಿ.

ಮುಂದಿನ ಸಲ ಡಾಕ್ಟರ ಹತ್ತಿರ ಹೋಗುವಾಗ ರಿಪೋರ್ಟ್ ಹಾಳೆ ಮಾತ್ರ ಅಲ್ಲ, ಎಂಆರ್‌ಐ ಸಿಡಿಯನ್ನೂ ಎಕ್ಸ್-ರೇ ಫಿಲ್ಮನ್ನೂ ಒಯ್ಯಿರಿ. 'ನನ್ನ ಲಿಗಮೆಂಟ್ ಎಳೆದು ನೋಡಿದ್ರಾ?' ಅಂತ ಕೇಳಲು ಸಂಕೋಚ ಬೇಡ. ಒಯ್ಯುವಾಗ ಆಡುವ ಬೂಟನ್ನೂ ಚೀಲಕ್ಕೆ ಹಾಕಿಕೊಳ್ಳಿ. ತೊಳೆಯಬೇಡಿ, ಹಾಗೇ ತನ್ನಿ. ಬಲಗಾಲಿನ ಬೂಟು ಹೊರ ಅಂಚಲ್ಲೇ ಜಾಸ್ತಿ ಸವೆದಿದ್ದರೆ ಅದೂ ಒಂದು ಸುಳಿವು.